ಕೋಡ್ ಎಲ್ಲಿ ಓಡಬೇಕು? ಅರ್ಧ ದಾರಿ ಕ್ಲೌಡ್‌ಗೆ ಹೋದ ಒಂದು ಕಂಪನಿಯ ಪ್ರಕರಣ

ಹಳೇ ಮೈಸೂರು ಭಾಗದ ಒಂದು ಊರಿನ ಸಾಫ್ಟ್‌ವೇರ್ ಕಂಪನಿ ಇದು. ಹೆಸರು ಹೇಳುವುದಿಲ್ಲ. ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಡೆವಲಪರ್‌ಗಳ ಯಂತ್ರಗಳನ್ನೆಲ್ಲ ಕ್ಲೌಡ್‌ಗೆ (ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಬೇರೆ ಕಂಪನಿಯ ಕಂಪ್ಯೂಟರುಗಳಿಗೆ) ಒಯ್ಯಬೇಕೋ, ಆಫೀಸಿಗೇ ಹೊಸ ಸರ್ವರ್ ಹಾಕಬೇಕೋ ಎಂದು ನಿರ್ಧರಿಸಲು ಹೊರಗಿನವನೊಬ್ಬ ಬೇಕು ಅಂತ ನನ್ನನ್ನು ಕರೆದಿದ್ದರು.

ಇವರ ಕೆಲಸ ಹಾಲಿನ ಡೇರಿಗಳ ಸಾಫ್ಟ್‌ವೇರ್. ಬೆಳಿಗ್ಗೆ, ಸಂಜೆ ರೈತರು ಕ್ಯಾನು ತಂದು ಸಂಘದ ಕೌಂಟರ್ ಮುಂದೆ ನಿಲ್ಲುತ್ತಾರೆ. ತೂಕ ಆಗುತ್ತದೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡುತ್ತಾರೆ, ಚೀಟಿ ಪ್ರಿಂಟ್ ಆಗುತ್ತದೆ. ಆಮೇಲೆ ಲೆಕ್ಕವೆಲ್ಲ ಸೇರಿ ಬಟವಾಡೆ. ಕೌಂಟರಿನ ಕಂಪ್ಯೂಟರಿನಲ್ಲಿ ಓಡುವ ಭಾಗ ಒಂದು, ಲೆಕ್ಕಪತ್ರ ಮತ್ತು ವರದಿಯ ವೆಬ್ ಭಾಗ ಇನ್ನೊಂದು. ಡೆವಲಪರ್‌ಗಳು ಮೂವತ್ತು ಜನರ ಆಸುಪಾಸು. ಕೋವಿಡ್ ಸಮಯದಲ್ಲಿ ಮನೆಗೆ ಹೋದವರಲ್ಲಿ ಅರ್ಧದಷ್ಟು ಜನ ಮರಳಿ ಬರಲೇ ಇಲ್ಲ. ಯಾರೋ ಸಾಗರದಲ್ಲಿ, ಯಾರೋ ಪುತ್ತೂರಲ್ಲಿ, ಇನ್ಯಾರೋ ತೋಟದ ಮನೆಯಲ್ಲಿ. ಕಂಪನಿಯೂ ಒತ್ತಾಯ ಮಾಡಲಿಲ್ಲ. ಒಳ್ಳೆಯವರನ್ನು ಬಿಟ್ಟರೆ ಮತ್ತೆ ಸಿಗುವುದು ಕಷ್ಟ, ಅಲ್ವಾ?

ಹಾಗಾಗಿ ಒಂದು ವಿಚಿತ್ರ ಏರ್ಪಾಡು ಬೆಳೆದಿತ್ತು. ಆಫೀಸಿನಲ್ಲಿ ಪ್ರತಿಯೊಬ್ಬರ ಹೆಸರಿನಲ್ಲೂ ಒಂದು ಡೆಸ್ಕ್‌ಟಾಪ್. ಖುರ್ಚಿ ಖಾಲಿ, ಯಂತ್ರ ಮಾತ್ರ ಹಗಲೂ ರಾತ್ರಿ ಆನ್. ಮನೆಯಿಂದ ವಿಪಿಎನ್ (ಆಫೀಸಿನ ನೆಟ್‌ವರ್ಕಿಗೆ ಸುರಕ್ಷಿತ ದಾರಿ) ಮೂಲಕ ಬಂದು, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಆ ಪರದೆ ನೋಡುತ್ತಾ ಕೆಲಸ. ಮೂಲೆಯಲ್ಲಿ ಸರ್ವರ್ ರೂಮು: ಎರಡು ಹಳೇ ಸರ್ವರ್, ಒಂದು ಯುಪಿಎಸ್, ಒಂದು ಸ್ಪ್ಲಿಟ್ ಎಸಿ. ಅದನ್ನು ನೋಡಿಕೊಳ್ಳುವವರನ್ನು ಎಲ್ಲರೂ ‘ಅಣ್ಣ’ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಶನಿವಾರದ ಕರೆಂಟು

2024ರ ಮಳೆಗಾಲದ ಒಂದು ಶನಿವಾರ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಹಳತಾಗಿತ್ತು, ಸ್ವಲ್ಪ ಹೊತ್ತು ತಡೆದು ಕೈಕೊಟ್ಟಿತು. ಜನರೇಟರ್ ಇತ್ತು, ಚಾಲೂ ಮಾಡುವವರು ಇರಲಿಲ್ಲ. ಆಫೀಸಿನ ಬೀಗದ ಕೈ ಇದ್ದ ಅಣ್ಣ ಒಂದು ಮದುವೆಗೆ ಹೋಗಿದ್ದರು. ಅವರು ಬಂದು ಬಾಗಿಲು ತೆಗೆಯುವ ಹೊತ್ತಿಗೆ ಸಂಜೆ. ಕರೆಂಟು ಬಂದ ಮೇಲೂ ಒಂದು ಸರ್ವರ್ ಏಳಲಿಲ್ಲ. ಡಿಸ್ಕ್ ಹೋಗಿತ್ತು. ಬಿಲ್ಡ್ ಮಾಡುವ, ಅಂದರೆ ಕೋಡಿನಿಂದ ಸಂಘಗಳಿಗೆ ಕಳಿಸುವ ಪ್ರೋಗ್ರಾಂ ತಯಾರಿಸುವ ಯಂತ್ರ ಅದೇ. ಕೋಡ್ ಬೇರೆ ಕಡೆ ಭದ್ರವಾಗಿತ್ತು, ಆದರೆ ಆ ಬಿಲ್ಡ್ ಯಂತ್ರವನ್ನು ಮತ್ತೆ ಕಟ್ಟುವುದು ಹೇಗೆ ಅಂತ ಎಲ್ಲೂ ಬರೆದಿರಲಿಲ್ಲ. ಯಾವ ಲೈಬ್ರರಿಯ ಯಾವ ಆವೃತ್ತಿ, ಯಾವ ಫೋಲ್ಡರಿಗೆ ಯಾವ ಅನುಮತಿ, ಎಲ್ಲ ಅಣ್ಣನ ತಲೆಯಲ್ಲಿ. ಅವರ ನೆನಪು ಚೆನ್ನಾಗಿತ್ತು. ಆದರೂ ಹೊಸ ಬಿಲ್ಡ್ ಹೊರಬರಲು ವಾರದ ಮೇಲೆ ಹಿಡಿಯಿತು. ಆ ವಾರವೇ ಬಟವಾಡೆ ಲೆಕ್ಕದಲ್ಲಿ ಒಂದು ತಪ್ಪು ಸಿಕ್ಕಿತ್ತು. ತಿದ್ದಿದ ಕೋಡ್ ಇದೆ, ಸಂಘಗಳಿಗೆ ಕಳಿಸುವ ದಾರಿ ಇಲ್ಲ. ಫೋನುಗಳ ಕಥೆ ಕೇಳಬೇಡಿ.

ಸೋಮವಾರದ ಮೀಟಿಂಗಿನಲ್ಲಿ ಎರಡು ಪಕ್ಷ ಆಯಿತು. ವೆಬ್ ತಂಡದ ಲೀಡ್, ‘ಎಲ್ಲ ಕ್ಲೌಡ್‌ಗೆ ಹಾಕಿ, ಈ ರೂಮಿನ ಗೋಳೇ ಬೇಡ’ ಎಂದರು. ಕೋಡ್ ಇಟ್ಟುಕೊಳ್ಳುವ ಸೇವೆ ಕೊಡುವ ಗಿಟ್‌ಹಬ್ ಕಂಪನಿ 2021ರಲ್ಲಿ ತನ್ನದೇ ಎಂಜಿನಿಯರ್‌ಗಳನ್ನು ಕೋಡ್‌ಸ್ಪೇಸಸ್ ಎಂಬ ತನ್ನ ಕ್ಲೌಡ್ ಯಂತ್ರಗಳಿಗೆ ಒಯ್ದದ್ದನ್ನು ಓದಿದ್ದರು. ಗಿಟ್‌ಹಬ್‌ನ ಮುಖ್ಯ ರೆಪೊಸಿಟರಿ (ಕೋಡಿನ ಸಂಗ್ರಹ) ಸುಮಾರು 13 ಜಿಬಿ, ಅದನ್ನು ಕ್ಲೋನ್ (ನಕಲು) ಮಾಡುವುದಕ್ಕೇ ಇಪ್ಪತ್ತು ನಿಮಿಷ ಬೇಕಿತ್ತು. ಮಾಲೀಕರು ಓದಿದ್ದು ಇದಕ್ಕೆ ಉಲ್ಟಾ: 37ಸಿಗ್ನಲ್ಸ್ ಎಂಬ ಅಮೆರಿಕದ ಸಾಫ್ಟ್‌ವೇರ್ ಕಂಪನಿ ಕ್ಲೌಡ್ ಬಿಟ್ಟು ಹೊರಬಂದ ಸುದ್ದಿ. ಆ ಕಂಪನಿಯ 2022ರ ಕ್ಲೌಡ್ ಬಿಲ್ 32 ಲಕ್ಷ ಡಾಲರ್. ‘ಅಂಥವರೇ ವಾಪಸ್ ಬರ್ತಿದ್ದಾರೆ, ನಾವು ಈಗ ಹೊರಡೋದಾ?’ ಎಂಬುದು ಮಾಲೀಕರ ಪ್ರಶ್ನೆ.

ಇಬ್ಬರ ಉದಾಹರಣೆಯೂ ನಿಜ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾಗದು. 37ಸಿಗ್ನಲ್ಸ್ ಹೊರತಂದದ್ದು ಗ್ರಾಹಕರಿಗಾಗಿ ದಿನವಿಡೀ ಓಡುವ ಯಂತ್ರಗಳನ್ನು. ಡೆವಲಪರ್‌ನ ಯಂತ್ರ ದಿನವಿಡೀ ಓಡಬೇಕಿಲ್ಲ. ತಿಂಗಳಿಗೆ ಸುಮಾರು 730 ಗಂಟೆ. ದಿನಕ್ಕೆ 8 ಗಂಟೆಯಂತೆ 22 ದಿನ ಕೆಲಸ ಮಾಡುವವರಿಗೆ ಬೇಕಿರುವುದು 176, ಅಂದರೆ ಕಾಲು ಭಾಗಕ್ಕಿಂತ ಕಡಿಮೆ. ಈ ಎರಡು ಅಂಕಿ ಆಮೇಲೆ ಪದೇ ಪದೇ ಕೆಲಸಕ್ಕೆ ಬಂದವು.

ಮೊದಲ ಪ್ರಯೋಗ, ಮೊದಲ ಬಿಲ್ಲು

ಜಗಳ ಬಿಟ್ಟು ಸಣ್ಣದಾಗಿ ಒಂದು ಪ್ರಯೋಗ ಮಾಡೋಣ ಎಂದಾಯಿತು. ವೆಬ್ ತಂಡದ ಆರು ಜನ, ಒಂದು ದೊಡ್ಡ ಕ್ಲೌಡ್ ಕಂಪನಿಯ ಮುಂಬೈ ರೀಜನ್‌ನಲ್ಲಿ (ಮುಂಬೈಯ ಸರ್ವರ್ ಕೇಂದ್ರಗಳಲ್ಲಿ) ತಲಾ ಒಂದು ಯಂತ್ರ, 4 ಕೋರ್, 16 ಜಿಬಿ ಮೆಮೊರಿ. ಬ್ರೌಸರಿನಲ್ಲೇ ಎಲ್ಲ ಕೊಡುವ ಸಿದ್ಧ ಸೇವೆ ಬೇಡ, ಮಾಮೂಲಿ ಲಿನಕ್ಸ್ ಯಂತ್ರ ತೆಗೆದುಕೊಂಡು ವಿಎಸ್ ಕೋಡ್ ಎಂಬ ಎಡಿಟರಿನಿಂದ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ) ಮೂಲಕ ಹೋಗೋಣ ಎಂಬುದು ನನ್ನ ಹಟ. ಕಾರಣವಿತ್ತು. ಅಮೆಜಾನಿನ ಕ್ಲೌಡ್ ವಿಭಾಗ ಎಡಬ್ಲ್ಯುಎಸ್ ಅದೇ 2024ರ ಜುಲೈನಲ್ಲಿ, ಬ್ರೌಸರಿನಲ್ಲೇ ಕೋಡ್ ಬರೆಯುವ ತನ್ನ ಕ್ಲೌಡ್9 ಸೇವೆಗೆ ಹೊಸ ಗ್ರಾಹಕರನ್ನು ತೆಗೆದುಕೊಳ್ಳುವುದು ನಿಲ್ಲಿಸಿತ್ತು. ಇಂಥ ಸಿದ್ಧ ಸೇವೆಗಳು ಬರುತ್ತವೆ, ಹೋಗುತ್ತವೆ. ಲಿನಕ್ಸ್ ಯಂತ್ರ ಯಾರ ಹತ್ತಿರವಾದರೂ ಸಿಗುತ್ತದೆ.

ಜೊತೆಗೆ ಒಂದು ಷರತ್ತು ಹಾಕಿದೆವು. ಯಂತ್ರದಲ್ಲಿ ಏನೇನು ಇರಬೇಕು ಎಂಬುದೆಲ್ಲ ಡೆವ್‌ಕಂಟೇನರ್ ಫೈಲಿನಲ್ಲಿ (ಅದನ್ನು ಓದಿ ಯಂತ್ರ ತಾನಾಗಿ ಸಜ್ಜಾಗುತ್ತದೆ) ಬರೆದು, ಕೋಡ್ ಜೊತೆಗೇ ರೆಪೊಸಿಟರಿಯಲ್ಲಿ ಇಡಬೇಕು. ಕೈಯಿಂದ ಯಾರೂ ಏನನ್ನೂ ಇನ್‌ಸ್ಟಾಲ್ ಮಾಡುವಂತಿಲ್ಲ. ಇದನ್ನು ಬರೆಯುವ ಕೆಲಸ ಅಣ್ಣನಿಗೆ ಬಂತು. ಅವರಿಗೆ ಒಳಗೊಳಗೇ ಅಳುಕು: ಸರ್ವರ್ ರೂಮು ಹೋದರೆ ತಮ್ಮ ಕೆಲಸವೂ ಹೋಗುತ್ತದೆ ಅಂತ. ಮಾಲೀಕರು ಮೊದಲೇ ಕರೆದು, ‘ನೀವು ಎಲ್ಲೂ ಹೋಗಲ್ಲ, ನಿಮ್ಮ ತಲೇಲಿ ಇರೋದು ಫೈಲಿಗೆ ಬರಬೇಕು ಅಷ್ಟೇ’ ಎಂದು ಹೇಳಿದ್ದು ದೊಡ್ಡದು. ಅದು ಆಗದಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಮೊದಲ ತಿಂಗಳ ಬಿಲ್ಲು ಅಂದಾಜಿಗಿಂತ ತುಂಬಾ ಜಾಸ್ತಿ ಬಂತು. ಅಕೌಂಟ್ಸ್ ಮೇಡಂ ಪ್ರಿಂಟ್ ತೆಗೆದು, ಸಾಲು ಸಾಲಿಗೆ ಪೆನ್ಸಿಲ್ ಗುರುತು ಹಾಕಿ ತಂದಿಟ್ಟರು. ಅಂದಾಜು 176 ಗಂಟೆಗೆ, ಯಂತ್ರಗಳು ಓಡಿದ್ದು ಹೆಚ್ಚುಕಮ್ಮಿ ಪೂರಾ ತಿಂಗಳು. ಯಾರೂ ಆಫ್ ಮಾಡುತ್ತಿರಲಿಲ್ಲ. ಯಂತ್ರ ನಿಲ್ಲಿಸಿದರೂ ಡಿಸ್ಕಿನ ಬಾಡಿಗೆ ನಿಲ್ಲುವುದಿಲ್ಲ, ಅದೂ ಸೇರಿತ್ತು. ಪ್ರತಿ ಯಂತ್ರಕ್ಕೂ ಇಂಟರ್ನೆಟ್ಟಿನಿಂದ ನೇರವಾಗಿ ತಲುಪುವ ಒಂದೊಂದು ಪಬ್ಲಿಕ್ ಐಪಿ ವಿಳಾಸ ಕೊಟ್ಟಿದ್ದರು. ಒಂದು ಕಾಲದಲ್ಲಿ ಇದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಈಗ ಹಾಗಲ್ಲ. ಉದಾಹರಣೆಗೆ ಎಡಬ್ಲ್ಯುಎಸ್ 2024ರ ಫೆಬ್ರವರಿಯಿಂದ ವಿಳಾಸವೊಂದಕ್ಕೆ ಗಂಟೆಗೆ ಅರ್ಧ ಸೆಂಟ್ ಹಾಕುತ್ತದೆ. ತಿಂಗಳಿಗೆ ಮೂರೂವರೆ ಡಾಲರ್ ಚಿಲ್ಲರೆ. ಒಂದಕ್ಕೆ ಏನೂ ಅಲ್ಲ, ಮೂವತ್ತು ಜನಕ್ಕೆ ಲೆಕ್ಕ ಹಾಕಿದರೆ ಸುಮ್ನೆ ಸೋರಿಕೆ.

ಐಪಿ ವಿಳಾಸ ತೆಗೆದು ವಿಪಿಎನ್ ಹಿಂದೆ ಇಟ್ಟೆವು. ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ಯಂತ್ರ ತಾನೇ ನಿಲ್ಲುವಂತೆ ಮಾಡಿದೆವು. ಎರಡನೇ ತಿಂಗಳು ಬಿಲ್ಲು ಇಳಿಯಬೇಕಿತ್ತು. ಇಳಿಯಿತು, ಆದರೆ ಸ್ವಲ್ಪವೇ.

ಯಾಕೆ ಅಂತ ನೋಡಿದರೆ ಆರರಲ್ಲಿ ನಾಲ್ಕು ಯಂತ್ರಗಳಲ್ಲಿ ಒಂದು ಪುಟ್ಟ ಸ್ಕ್ರಿಪ್ಟ್ ಓಡುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಒಂದು ಫೈಲನ್ನು ಮುಟ್ಟುವುದು, ಮತ್ತೇನೂ ಇಲ್ಲ. ಯಂತ್ರ ಮಲಗದಂತೆ ನೋಡಿಕೊಳ್ಳಲು ಒಬ್ಬ ಹುಡುಗ ಬರೆದು ಉಳಿದವರಿಗೆ ಹಂಚಿದ್ದ. ಮಾಲೀಕರಿಗೆ ಸಿಟ್ಟು ಬಂತು. ಲೀಡ್ ಮಾತ್ರ ಬೈಯಲಿಲ್ಲ. ‘ಯಾಕೋ ಮಾಡ್ದೆ?’ ಎಂದು ಕೇಳಿದರು. ಉತ್ತರ ನೇರವಾಗಿತ್ತು: ‘ಸಾರ್, ಯಂತ್ರ ನಿಂತ್ರೆ ಮತ್ತೆ ಶುರು ಆಗೋಕೆ ಹನ್ನೆರಡು ನಿಮಿಷ. ಊಟಕ್ಕೆ ಹೋಗಿ ಬಂದ್ರೆ ಹನ್ನೆರಡು, ಮೀಟಿಂಗ್ ಮುಗಿಸಿ ಬಂದ್ರೆ ಹನ್ನೆರಡು.’

ನಿಜವೇ. ಯಂತ್ರ ಎದ್ದಾಗಲೆಲ್ಲ ಟೆಸ್ಟ್ ಡೇಟಾಬೇಸನ್ನು ಮೊದಲಿನಿಂದ ತುಂಬಿಸುವಂತೆ ಬರೆದಿದ್ದರು. ಪ್ರಕರಣದ ಮೊದಲ ತಿರುವು ಇದು. ಬಿಲ್ಲು ಕಡಿಮೆಯಾಗಬೇಕಾದರೆ ಕಾವಲು ಹಾಕಿ ಪ್ರಯೋಜನವಿಲ್ಲ, ಯಂತ್ರ ಬೇಗ ಏಳಬೇಕು. ಪ್ರತಿ ರಾತ್ರಿ ಡೇಟಾಬೇಸ್ ಸಮೇತ ಒಂದು ಸಿದ್ಧ ಇಮೇಜ್ (ಇಡೀ ಯಂತ್ರದ ಪಡಿಯಚ್ಚು) ಮಾಡಿಟ್ಟರೆ ಬೆಳಿಗ್ಗೆ ಎಲ್ಲರೂ ಅದರಿಂದಲೇ ಶುರು ಮಾಡಬಹುದು. ಅಣ್ಣ ಅದಕ್ಕೆ ಕೂತರು. ಕೂತವರು ಮಾರನೇ ದಿನವೇ ಎದ್ದು ಬಂದು ಒಂದು ಪ್ರಶ್ನೆ ಹಾಕಿದರು.

‘ಇದರಲ್ಲಿ ಇರೋದು ನಿಜವಾದ ಜನ ಅಲ್ವಾ?’

ಟೆಸ್ಟ್ ಡೇಟಾಬೇಸ್ ಅಂತ ಎಲ್ಲರೂ ಕರೆಯುತ್ತಿದ್ದುದು ಅಸಲಿ ಡೇಟಾಬೇಸಿನ ನಕಲು. ಸಂಘಗಳ ಸದಸ್ಯರ ಹೆಸರು, ಫೋನ್, ಬ್ಯಾಂಕ್ ಖಾತೆ, ಕೆಲವು ಕಡೆ ಆಧಾರ್ ಸಂಖ್ಯೆ. ಅದನ್ನು ಇಮೇಜಿಗೆ ಸೇರಿಸಿ ಕ್ಲೌಡ್‌ನಲ್ಲಿ ಇಡುವುದೇ?

ಮೀಟಿಂಗಿನಲ್ಲಿ ಮೊದಲ ಪ್ರತಿಕ್ರಿಯೆ, ‘ನೋಡಿ, ಅದಕ್ಕೇ ಹೇಳಿದ್ದು, ಡೇಟಾ ಆಫೀಸಿನಲ್ಲೇ ಇರಲಿ’ ಎಂದು. ಕ್ಲೌಡ್ ಬೇಡ ಎನ್ನುವವರಿಗೆ ಗೆದ್ದಂತಾಯಿತು. ಆಗ ಅಣ್ಣನೇ ಇನ್ನೊಂದು ಮಾತು ಹೇಳಿದರು: ಆಫೀಸಿನಲ್ಲಿ ಇದೇ ನಕಲು ಮೂವತ್ತು ಡೆಸ್ಕ್‌ಟಾಪ್‌ಗಳಲ್ಲಿದೆ, ಕೆಲವರ ಪೆನ್‌ಡ್ರೈವಿನಲ್ಲೂ ಇರಬಹುದು, ಯಾರು ಯಾವಾಗ ನಕಲು ಮಾಡಿದರು ಅನ್ನುವ ದಾಖಲೆ ಇಲ್ಲ.

ರೂಮು ತಣ್ಣಗಾಯಿತು. ನಮ್ಮ ಬೀಗದ ಒಳಗಿದೆ ಎಂದ ಮಾತ್ರಕ್ಕೆ ಭದ್ರ ಎಂದು ಇಷ್ಟು ವರ್ಷ ನಂಬಿದ್ದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಡೇಟಾ ಕ್ಲೌಡ್‌ನಲ್ಲಿದೆಯೋ ಮೂಲೆಯ ರೂಮಿನಲ್ಲಿದೆಯೋ ಎಂದು ನೋಡಿ ರಿಯಾಯಿತಿ ಕೊಡುವುದಿಲ್ಲ. ಲಾಗ್‌ಗಳನ್ನು (ಯಂತ್ರಗಳಲ್ಲಿ ನಡೆದದ್ದರ ದಾಖಲೆ) 180 ದಿನ ಭಾರತದೊಳಗೇ ಇಟ್ಟುಕೊಳ್ಳಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಕೊಟ್ಟಿತ್ತು. ಆಫೀಸಿನ ಹಳೇ ಸರ್ವರಿನಲ್ಲಿ ಅಷ್ಟು ಹಿಂದಿನ ಲಾಗ್ ಇರಲೇ ಇಲ್ಲ.

ಆದ್ದರಿಂದ ಅಸಲಿ ವಿವರ ಅಳಿಸಿದ ಡೇಟಾಬೇಸ್ ಬೇಕು. ಇಡೀ ಯೋಜನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು ಇದೇ. ಖಾತೆ ಸಂಖ್ಯೆ, ಫೋನ್ ಬದಲಿಸುವುದು ಸುಲಭ. ಕಷ್ಟವಾದದ್ದು ಹೆಸರು. ಮೊದಲು ‘ಸದಸ್ಯ 1’, ‘ಸದಸ್ಯ 2’ ಎಂದು ಹಾಕಿದರು. ಟೆಸ್ಟ್‌ಗಳೆಲ್ಲ ಪಾಸಾದವು, ಪಾಸಾಗಬಾರದವೂ ಪಾಸಾದವು! ಚೀಟಿಯಲ್ಲಿ ಅಕ್ಷರ ಒಡೆಯುವುದು ‘ಲಕ್ಷ್ಮಮ್ಮ’, ‘ಕೃಷ್ಣಪ್ಪ’ ಇಂಥ ಹೆಸರುಗಳಲ್ಲಿ. ಅಂಥ ಒತ್ತಕ್ಷರಗಳಿಲ್ಲದ ಹೆಸರು ಕೊಟ್ಟರೆ ಆ ತಪ್ಪು ಕಾಣುವುದೇ ಇಲ್ಲ. ಒಂದೇ ಊರಿನಲ್ಲಿ ನಾಲ್ವರು ನಂಜಮ್ಮ ಇದ್ದಾಗ ತಂದೆಯ ಅಥವಾ ಗಂಡನ ಹೆಸರು ನೋಡಿ ಬೇರೆ ಮಾಡಬೇಕು, ಅದೂ ನಕಲಿ ಡೇಟಾದಲ್ಲಿ ಇರಬೇಕು. ಇನ್ನೊಂದು ತಲೆನೋವು ಹಳೇ ದಾಖಲೆಗಳದ್ದು. ಕೆಲವು ಸಂಘಗಳ ಹಳೆಯ ಹೆಸರುಗಳು ಯೂನಿಕೋಡ್ (ಈಗ ಎಲ್ಲೆಡೆ ನಡೆಯುವ ಅಕ್ಷರ ಸಂಕೇತ) ಬಳಕೆಗೆ ಬರುವ ಮೊದಲಿನ ನುಡಿ ಫಾಂಟಿನ ಸಂಕೇತದಲ್ಲೇ ಉಳಿದಿದ್ದವು. ಪರದೆಯ ಮೇಲೆ ಕನ್ನಡ, ಡೇಟಾಬೇಸ್ ತೆರೆದು ನೋಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅವನ್ನು ಬದಲಿಸುವಾಗಲೂ ಅದೇ ಸಂಕೇತ ಉಳಿಸಬೇಕು, ಇಲ್ಲವಾದರೆ ಪರಿವರ್ತನೆ ಮಾಡುವ ಕೋಡನ್ನು ಪರೀಕ್ಷಿಸುವುದು ಹೇಗೆ?

ಕೊನೆಗೆ ಆದದ್ದು ಚೆನ್ನಾಗಿಯೇ ಆಯಿತು. ಅಸಲಿ ವಿವರ ಇದ್ದ ನಕಲುಗಳನ್ನು ಎಲ್ಲ ಡೆಸ್ಕ್‌ಟಾಪ್‌ಗಳಿಂದ ಅಳಿಸಿದರು. ಹೊಸ ಇಮೇಜಿನಿಂದ ಯಂತ್ರ ಒಂದೂವರೆ ನಿಮಿಷದಲ್ಲಿ ಏಳತೊಡಗಿತು. ನಿದ್ದೆಗೆಡಿಸುವ ಸ್ಕ್ರಿಪ್ಟ್ ತೆಗೆಯಿರಿ ಎಂದು ಯಾರೂ ಹೇಳಲಿಲ್ಲ, ತಾನಾಗಿ ಮಾಯವಾಯಿತು.

ತೂಕದ ಯಂತ್ರ ಎಲ್ಲಿಗೆ ಹೋಗಬೇಕು?

ಇಷ್ಟಾದ ಮೇಲೆ ಕೌಂಟರ್ ಸಾಫ್ಟ್‌ವೇರ್ ತಂಡವನ್ನೂ ಒಯ್ಯೋಣ ಎಂಬ ಉತ್ಸಾಹ ಬಂತು. ಅವರ ಮೂಲೆ ನೋಡುವಂತಿತ್ತು. ಉದ್ದ ಮೇಜು, ಅದರ ಮೇಲೆ ಎರಡು ಮೂರು ನಮೂನೆಯ ತೂಕದ ಯಂತ್ರ, ಹಾಲಿನ ಅನಲೈಸರ್, ಚೀಟಿ ಪ್ರಿಂಟರ್, ರೈತರಿಗೆ ಕಾಣುವ ಕೆಂಪು ಅಂಕಿಯ ಡಿಸ್‌ಪ್ಲೇ. ಕೆಳಗೆ ನೀರು ತುಂಬಿದ ಕ್ಯಾನುಗಳು, ತೂಕಕ್ಕೆ. ಎಲ್ಲವೂ ಸೀರಿಯಲ್ ಕೇಬಲ್‌ನಿಂದ ಬಂದು ಯುಎಸ್‌ಬಿ ಕನ್ವರ್ಟರ್ ಮೂಲಕ ಕಂಪ್ಯೂಟರಿಗೆ.

ಕ್ಲೌಡ್ ಯಂತ್ರಕ್ಕೆ ಕೇಬಲ್ ಚುಚ್ಚಲಾಗದು. ಆದರೆ ಸೀರಿಯಲ್ ಪೋರ್ಟನ್ನು ನೆಟ್‌ವರ್ಕ್ ಮೂಲಕ ಕಳಿಸುವ ಸಾಫ್ಟ್‌ವೇರ್ ಇವೆ. ಹಾಕಿ ನೋಡಿದರು. ಪ್ರಿಂಟರ್ ಸಲೀಸಾಗಿ ಓಡಿತು. ತೂಕದ ಯಂತ್ರ ಓಡಲಿಲ್ಲ. ಅದು 9600 ಬಾಡ್ ವೇಗದಲ್ಲಿ ಬಿಡದೆ ಅಂಕಿ ಕಳಿಸುತ್ತಿರುತ್ತದೆ, ಒಂದು ಅಕ್ಷರಕ್ಕೆ ಸುಮಾರು ಒಂದು ಮಿಲಿಸೆಕೆಂಡ್. ಹಳೇ ಕೋಡ್, ಸ್ವಲ್ಪ ಹೊತ್ತು ಅಕ್ಷರ ಬರದಿದ್ದರೆ ‘ಒಂದು ತೂಕ ಮುಗಿಯಿತು’ ಎಂದುಕೊಳ್ಳುತ್ತಿತ್ತು. ಮೇಜಿನ ಮೇಲೆ ಅದು ಸರಿ. ಮುಂಬೈವರೆಗೆ ಹೋಗುವ ದಾರಿಯಲ್ಲಿ ಅಕ್ಷರಗಳ ನಡುವೆ ಎಲ್ಲೆಂದರಲ್ಲಿ ಬಿಡುವು ಬೀಳುತ್ತದೆ. 12.40 ಎಂಬುದು 1 ಒಂದು ಕಡೆ, 2.40 ಇನ್ನೊಂದು ಕಡೆ ಆಗಿ ಬಂತು. ತಂಡದ ಹಿರಿಯ ಮೇಡಂ ಪರದೆ ತೋರಿಸಿ, ‘ಸಾರ್, ರೈತನ ಹತ್ತು ಲೀಟರ್ ಹಾಲು ಮುಂಬೈ ದಾರೀಲಿ ಚೆಲ್ಲಿಹೋಯ್ತು’ ಎಂದರು. ಅಲ್ಲಿಗೆ ಆ ಚರ್ಚೆ ಮುಗಿಯಿತು. ಆ ತಂಡ ಆಫೀಸಿನಲ್ಲೇ, ಯಂತ್ರದ ಪಕ್ಕದಲ್ಲೇ.

(ಬಿಡುವು ನೋಡಿ ತೂಕ ಕತ್ತರಿಸುವ ಆ ಕೋಡ್ ಹೇಗಿದ್ದರೂ ಅಪಾಯದ್ದೇ. ಅವರು ಆಮೇಲೆ ಸಾಲಿನ ಕೊನೆಯ ಗುರುತು ನೋಡಿ ಓದುವಂತೆ ತಿದ್ದಿಕೊಂಡರು. ಆದರೂ ಆಫೀಸಿಂದ ಕದಲಲಿಲ್ಲ, ಕದಲಬೇಕಾಗಿಯೂ ಇಲ್ಲ.)

ಮನೆಯಿಂದ ಕೆಲಸ ಮಾಡುವವರ ಅನುಭವ ಇದಕ್ಕೆ ಬೇರೆ. ಆಫೀಸು ಹತ್ತಿರ, ಮುಂಬೈ ದೂರ, ನಿಧಾನ ಆಗಬಹುದು ಎಂದು ಎಲ್ಲರೂ ಹೆದರಿದ್ದರು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಹೋಗುತ್ತದೆ. ಸಾವಿರ ಕಿ.ಮೀ. ಹೋಗಿ ಬರಲು ಹತ್ತು ಮಿಲಿಸೆಕೆಂಡ್ ಸಾಕು, ನಡುವಿನ ಸುತ್ತುಬಳಸು ಸೇರಿದರೂ ಮೂವತ್ತು ನಲವತ್ತು. ನಿಜವಾಗಿ ಕಾಡುತ್ತಿದ್ದುದು ರಿಮೋಟ್ ಡೆಸ್ಕ್‌ಟಾಪ್: ಒಂದೊಂದು ಅಕ್ಷರ ಒತ್ತಿದಾಗಲೂ ಪರದೆಯ ಚಿತ್ರವೇ ಬರಬೇಕು. ಈಗ ಎಡಿಟರ್ ಲ್ಯಾಪ್‌ಟಾಪ್‌ನಲ್ಲೇ ಇದೆ, ಫೈಲಿನ ಬರಹ ಮಾತ್ರ ಹೋಗಿ ಬರುತ್ತದೆ. ಸಾಗರದ ಕಡೆಯಿಂದ ಕೆಲಸ ಮಾಡುವ ಹುಡುಗಿ ಮಳೆಗಾಲದಲ್ಲಿ ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ಕೋಡ್ ಬರೆಯುವಂತಾಯಿತು. ಸಿಗ್ನಲ್ ಪೂರ್ತಿ ಹೋದಾಗ? ಅದೇ ಡೆವ್‌ಕಂಟೇನರ್ ಫೈಲನ್ನು ತನ್ನ ಲ್ಯಾಪ್‌ಟಾಪ್‌ನಲ್ಲೇ, ಚಿಕ್ಕ ಡೇಟಾ ಇಟ್ಟುಕೊಂಡು ಓಡಿಸುತ್ತಾಳೆ. ಇದನ್ನು ಯಾರೂ ಯೋಜನೆ ಮಾಡಿರಲಿಲ್ಲ. ಅವಳೇ ಕಂಡುಕೊಂಡದ್ದು.

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಅಲ್ಲಿದೆ. ಕ್ಲೌಡೋ ಆಫೀಸೋ ಎಂದು ತಿಂಗಳುಗಟ್ಟಲೆ ಜಗಳವಾಡಿದರು. ಯಂತ್ರ ಕಟ್ಟುವ ಬಗೆ ಫೈಲಿಗೆ ಇಳಿದ ಮೇಲೆ ಆ ಪ್ರಶ್ನೆಯ ಭಾರವೇ ಇಳಿದುಹೋಯಿತು. ಇವತ್ತು ಮುಂಬೈ, ನಾಳೆ ಆಫೀಸು, ಕರೆಂಟು ಹೋದರೆ ಲ್ಯಾಪ್‌ಟಾಪ್. ಎಲ್ಲಿ ಓಡಿಸಿದರೂ ಅದೇ. ನಿರ್ಧಾರ ತಪ್ಪಾದರೆ ಹಿಂದಕ್ಕೆ ಬರಲು ಒಂದು ಮಧ್ಯಾಹ್ನ ಸಾಕು.

ಲೆಕ್ಕ ಮತ್ತು ಈಗಿನ ಸ್ಥಿತಿ

2025ರ ಮಧ್ಯದ ಹೊತ್ತಿಗೆ ಏರ್ಪಾಡು ಹೀಗೆ ನಿಂತಿತು. ವೆಬ್ ತಂಡದವರೆಲ್ಲ ಕ್ಲೌಡ್‌ನಲ್ಲಿ. ಕೌಂಟರ್ ತಂಡ ಆಫೀಸಿನಲ್ಲಿ. ಜೊತೆಗೆ ಆಫೀಸಿಗೆ ಒಂದೇ ಒಂದು ಹೊಸ ಸರ್ವರ್, ಬಿಲ್ಡ್ ಮತ್ತು ರಾತ್ರಿಯ ಉದ್ದದ ಟೆಸ್ಟ್‌ಗಳಿಗೆ. ಅದು ಹೆಚ್ಚುಕಮ್ಮಿ ಬಿಡುವಿಲ್ಲದೆ ಓಡುವ ಕೆಲಸ, ಬಾಡಿಗೆ ದುಬಾರಿ. ಕಾಲು ಭಾಗ ಓಡುವುದನ್ನು ಬಾಡಿಗೆಗೆ ತಗೊ, ಪೂರಾ ಓಡುವುದನ್ನು ಕೊಂಡುಕೊ ಎಂಬಷ್ಟು ಸರಳ ಲೆಕ್ಕ.

ಅಕೌಂಟ್ಸ್ ಮೇಡಂ ಇದಕ್ಕೆ ತಮ್ಮದೊಂದು ಸೇರಿಸಿದರು. 18% ಜಿಎಸ್‌ಟಿ ಎರಡರ ಮೇಲೂ ಇದೆ, ಎರಡಕ್ಕೂ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಆದ್ದರಿಂದ ಅದನ್ನು ಚರ್ಚೆಗೆ ತರಬೇಡಿ ಎಂದರು. ಕಂಪ್ಯೂಟರ್ ಮೇಲೆ ವರ್ಷಕ್ಕೆ 40% ಸವಕಳಿ ತೋರಿಸಬಹುದು. ಆದರೆ ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದರೆ ಅರ್ಧ ಮಾತ್ರ. ‘ತಗೊಳ್ಳೋದಾದ್ರೆ ಸೆಪ್ಟೆಂಬರ್ ಒಳಗೆ ತಗೊಳ್ಳಿ’ ಎಂದು ಬೆನ್ನುಬಿದ್ದು ಕೊಳ್ಳಿಸಿದರು. ಕ್ಲೌಡ್ ದರ ಮೂಲದಲ್ಲಿ ಡಾಲರ್ ಲೆಕ್ಕ ಎಂಬುದನ್ನೂ ಅವರೇ ಎತ್ತಿದ್ದು. ನಾವು ಏನೂ ಜಾಸ್ತಿ ಬಳಸದಿದ್ದರೂ ರೂಪಾಯಿ ಇಳಿದರೆ ಬಿಲ್ಲು ಏರುತ್ತದೆ.

ಹೊಸಬರು ಸೇರಿದರೆ ಮೊದಲು ಯಂತ್ರ ಸಿದ್ಧವಾಗಲು ಒಂದು ವಾರ ಬೇಕಿತ್ತು, ಈಗ ಸೇರಿದ ದಿನವೇ ಕೋಡ್ ಓಡುತ್ತದೆ. ಶನಿವಾರ ಕರೆಂಟು ಹೋದರೆ ವೆಬ್ ತಂಡಕ್ಕೆ ಗೊತ್ತೇ ಆಗುವುದಿಲ್ಲ. ಎಲ್ಲವೂ ಸುಸೂತ್ರ ಅಂತಲ್ಲ. ಯಾರ ಯಂತ್ರ ಎಷ್ಟು ದೊಡ್ಡದು ಎಂಬ ಪೈಪೋಟಿ ಶುರುವಾಗಿದೆ, ಕೇಳಿದರೆ ಸಾಕು ಸಿಗುತ್ತದೆ ನೋಡಿ. ಅದಕ್ಕೆ ಲೀಡ್ ಈಗ ಪ್ರತಿ ತಿಂಗಳು ತಂಡದ ಬಿಲ್ಲನ್ನು ಎಲ್ಲರಿಗೂ ಕಳಿಸುತ್ತಾರೆ, ಹೆಸರಿನ ಸಮೇತ.

2025ರ ಅಕ್ಟೋಬರ್ 20ರಂದು ಎಡಬ್ಲ್ಯುಎಸ್‌ನ ವರ್ಜೀನಿಯಾ ರೀಜನ್ ಕೈಕೊಟ್ಟು ಜಗತ್ತಿನ ಎಷ್ಟೋ ಸೇವೆಗಳು ನಿಂತವು. ಇಲ್ಲಿ ಅಂದು ನರಕ ಚತುರ್ದಶಿ, ಆಫೀಸಿಗೆ ರಜೆ. ಯಾರೂ ಕೂತಿರಲಿಲ್ಲವಾದ್ದರಿಂದ ಏನು ನಿಲ್ಲುತ್ತಿತ್ತು, ಏನು ಓಡುತ್ತಿತ್ತು ಎಂದು ಪರೀಕ್ಷೆ ಆಗಲೇ ಇಲ್ಲ. ಹಬ್ಬ ಮುಗಿಸಿ ಬಂದ ಮೇಲೆ ಅಣ್ಣ ಒಂದು ಪಟ್ಟಿ ಮಾಡಲು ಕೂತರು: ನಮ್ಮ ಯಂತ್ರಗಳು ಮುಂಬೈಯಲ್ಲಿವೆ ಸರಿ, ಲಾಗಿನ್ ಎಲ್ಲಿಂದ ಬರುತ್ತದೆ, ಪ್ಯಾಕೇಜುಗಳು (ಬೇರೆಯವರು ಬರೆದ ಸಿದ್ಧ ಕೋಡ್) ಎಲ್ಲಿಂದ ಇಳಿಯುತ್ತವೆ, ಇಮೇಜುಗಳು ಎಲ್ಲಿವೆ. ಪ್ಯಾಕೇಜುಗಳ ಒಂದು ನಕಲನ್ನು ಈಗ ಆಫೀಸಿನ ಸರ್ವರಿನಲ್ಲಿ ಇಡುತ್ತಿದ್ದಾರೆ.

ಆ ಸರ್ವರಿಗೆ ಮೂರು ವರ್ಷ ವಾರಂಟಿ. ಅದು ಎಷ್ಟು ಗಂಟೆ ನಿಜವಾಗಿ ದುಡಿಯುತ್ತದೆ ಎಂದು ಅಣ್ಣ ಬರೆದಿಡುತ್ತಿದ್ದಾರೆ. ಟೆಸ್ಟ್‌ಗಳು ಚುರುಕಾದಂತೆ ಆ ಗಂಟೆಗಳು ಇಳಿಯುತ್ತಿವೆ. ಹೀಗೇ ಇಳಿದರೆ ಮುಂದಿನ ಸಲ ಕೊಳ್ಳುವ ಬದಲು ಅದನ್ನೂ ಬಾಡಿಗೆಗೆ ತಗೊಳ್ಳುವುದೇ ಅಗ್ಗವಾಗಬಹುದು ಎನ್ನುತ್ತಾರೆ. ಮಾಲೀಕರು ಇನ್ನೂ ಒಪ್ಪಿಲ್ಲ.